ಕೆಚ್ಚಲಿಗೆ ಗೊತ್ತಿದ್ದ ಸುದ್ದಿ

ಚಿಕ್ಕಪಡಸಲಗಿ ಎಂದರೆ ನಾಡಿನ ಜನಕ್ಕೆ ನೆನಪಾಗುವುದು ಬ್ಯಾರೇಜು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ಸರಕಾರದ ದಾರಿ ಕಾಯದೆ, ತಮ್ಮ ರೊಕ್ಕ ಹಾಕಿ, ತಮ್ಮ ಬೆವರು ಸುರಿಸಿ ಹೊಳೆಗೆ ಅಡ್ಡ ಕಟ್ಟಿದ ಕಟ್ಟೆ ಅದು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ಆ ಹೆಸರಿನಲ್ಲಿ ಉತ್ಪ್ರೇಕ್ಷೆ ಇಲ್ಲ. ನನಗೆ ಮಾತ್ರ ಆ ಊರು ಎಂದರೆ ಮೊದಲು ನೆನಪಾಗುವುದು ನನ್ನ ಚಿಗವ್ವನ ದನದ ಕೊಟ್ಟಿಗೆ. ಕಟ್ಟೆಯ ಕೆಲಸ ನಡೆದಾಗ ಆಕೆ ಹೊತ್ತು ಮೂಡುವ ಮೊದಲೇ ಎದ್ದು ಹಿಂಡುವ ಕೆಲಸ ಮುಗಿಸಿ, ಬುಟ್ಟಿಗಟ್ಟಲೆ ರೊಟ್ಟಿ ಬಡಿದು, ಹೊಳೆದಂಡೆಗೆ ಬುತ್ತಿ ಕಳಿಸುತ್ತಿದ್ದಳು. ಯಾಕೆ ಇಷ್ಟು ದುಡಿಯುತ್ತೀ ಎಂದು ಯಾರಾದರೂ ಕೇಳಿದರೆ, “ನೀರು ನಿಂತ್ರ ಹೊಲಕ್ಕ ಬರತೈತಿ, ಹೊಲಕ್ಕ ಬಂದ್ರ ಎಮ್ಮಿಗೆ ಮೇವಾಕ್ಕೈತಿ” ಎನ್ನುತ್ತಿದ್ದಳು. ಅಷ್ಟೇ ಅವಳ ಲೆಕ್ಕ.

ಎಮ್ಮೆಯ ವಿಷಯದಲ್ಲಿ ಆಕೆಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ನಾನು ಶಾಲೆ ಕಲಿಯುವಾಗ ಸೂಟಿಗೆ ಅಲ್ಲಿಗೆ ಹೋಗುತ್ತಿದ್ದೆ. ಒಮ್ಮೆ ಒಂದು ಎಮ್ಮೆ ದಿನದಿಂದ ದಿನಕ್ಕೆ ಹಾಲು ಕಡಿಮೆ ಮಾಡತೊಡಗಿತು. ಮೇವು ಕಡಿಮೆಯಾಗಿರಬಹುದೆಂದು ನಾನು ಹೇಳಿದೆ. ಚಿಗವ್ವ ನಕ್ಕು, ಎಮ್ಮೆ ಗಬ್ಬ ನಿಂತಿದೆ ಎಂದಳು. ಹೊಟ್ಟೆ ಇನ್ನೂ ಕಾಣುವಂತಿರಲಿಲ್ಲ. ನಿನಗೆ ಹೇಗೆ ತಿಳಿಯಿತು ಎಂದು ಕೇಳಿದ್ದಕ್ಕೆ ಆಕೆ ಹೇಳಿದ ಮಾತು ಇದು: “ಹೊಟ್ಟ್ಯಾಗ ಕರು ನಿಂತ್ರ ಕೆಚ್ಚಲಕ್ಕ ಸುದ್ದಿ ಹೋಗತೈತಿ ತಮ್ಮಾ. ಯಾರೂ ಹೋಗಿ ಹೇಳಬೇಕಾಗಿಲ್ಲ.”

ಆ ಮಾತನ್ನು ನಾನು ಆಗ ಕೇಳಿ ಮರೆತೆ. ಅದು ಎಷ್ಟು ದೊಡ್ಡ ಮಾತು ಎಂಬುದು ತಿಳಿಯುವಷ್ಟರಲ್ಲಿ ಬಹಳ ವರ್ಷಗಳಾಗಿದ್ದವು, ಬಹಳ ಸಂಗತಿಗಳು ನಡೆದುಹೋಗಿದ್ದವು.

1994ರ ದೀಪಾವಳಿಯ ಸುಮಾರಿಗೆ ಚಿಗವ್ವನ ಎಡ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಕಾಣಿಸಿಕೊಂಡಿತು ಎನ್ನುವುದೂ ತಪ್ಪು. ಆಕೆ ಅದನ್ನು ಯಾರಿಗೂ ಹೇಳದೆ ಒಂದು ವರ್ಷ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು. ಆಗ ಆಕೆಗೆ ನಲವತ್ತಾರು. ನಮ್ಮ ಭಾಗದವರು ದೊಡ್ಡ ಕಾಯಿಲೆಗೆ ಮಿರಜಕ್ಕೆ, ಬೆಳಗಾವಿಗೆ, ಹುಬ್ಬಳ್ಳಿಗೆ, ತೀರಾ ಕೈಮೀರಿದರೆ ಮುಂಬಯಿಗೋ ಬೆಂಗಳೂರಿಗೋ ಹೋಗುವುದು ರೂಢಿ. ಜಮಖಂಡಿ ಪಟವರ್ಧನರ ಸಂಸ್ಥಾನವಾಗಿದ್ದ ಕಾಲದಿಂದಲೂ ಮಿರಜದ ದಾರಿ ನಮಗೆ ಹೊಸದಲ್ಲ. ಅಲ್ಲಿ 1894ರಲ್ಲಿ ವಾನ್ಲೆಸ್ ಎಂಬ ಮಿಷನ್ ವೈದ್ಯ ಕಟ್ಟಿದ ಆಸ್ಪತ್ರೆಗೆ ನಮ್ಮ ಅಜ್ಜಂದಿರ ಕಾಲದಲ್ಲಿಯೇ ಜನ ಹೋಗುತ್ತಿದ್ದರು. ಚಿಗವ್ವನನ್ನೂ ಒಂದು ದೊಡ್ಡ ಊರಿನ ಆಸ್ಪತ್ರೆಗೆ ಒಯ್ದೆವು. ಎದೆಯನ್ನು ತೆಗೆದರು. ಕಂಕುಳಿನ ಗಂಟುಗಳಿಗೂ ಹಬ್ಬಿತ್ತು. ಆರು ಸಲ ಸೂಜಿಮದ್ದು, ಆಮೇಲೆ ಕರೆಂಟು. 1995ರ ಮಳೆಗಾಲದ ಹೊತ್ತಿಗೆ ಅದೆಲ್ಲ ಮುಗಿಯಿತು. ಕೊನೆಗೆ ಒಂದು ಚೀಟಿಯಲ್ಲಿ ಒಂದು ಗುಳಿಗೆಯ ಹೆಸರು ಬರೆದುಕೊಟ್ಟು, ದಿನಕ್ಕೊಂದರಂತೆ ಐದು ವರ್ಷ ನುಂಗಬೇಕು ಎಂದರು. ಬಿಳಿಯ ಸಣ್ಣ ಗುಳಿಗೆ. ಹೆಸರು ಟ್ಯಾಮೊಕ್ಸಿಫೆನ್. ಅದು ಯಾಕೆ, ಅದು ಏನು ಮಾಡುತ್ತದೆ ಎಂದು ಅವರು ಹೇಳಲಿಲ್ಲ. ಹೊರಗೆ ಬಾಗಿಲಲ್ಲಿ ನೂರು ಜನ ನಿಂತಿದ್ದರು. ನಾವೂ ಕೇಳಲಿಲ್ಲ.

ನಾನಾಗ ಜಮಖಂಡಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ತಿಂಗಳಿಗೆ ಮೂರು ಪಟ್ಟಿ ಗುಳಿಗೆ ತಂದು ಚಿಗವ್ವನಿಗೆ ಮುಟ್ಟಿಸುವುದು ನನ್ನ ಪಾಲಿನ ಕೆಲಸವಾಯಿತು. ಆ ಕೆಲಸವನ್ನು ನಾನು ತಪ್ಪದೆ ಮಾಡಿದೆ. ಆದರೆ ತಂದುಕೊಟ್ಟ ಗುಳಿಗೆ ಆಕೆಯ ಹೊಟ್ಟೆಗೆ ಹೋಗುತ್ತದೆಯೇ ಇಲ್ಲವೇ ಎಂದು ಒಮ್ಮೆಯೂ ವಿಚಾರಿಸಲಿಲ್ಲ.

ಈ ಗುಳಿಗೆಯ ಹಿಂದಿನ ಕತೆಯನ್ನು ನಾನು ಓದಿ ತಿಳಿದುಕೊಂಡದ್ದು ಬಹಳ ತಡವಾಗಿ. ಓದುತ್ತ ಹೋದಂತೆ ನನಗೆ ಅಚ್ಚರಿಯಾದದ್ದು ಅದರ ಬೇರು ಔಷಧದ ಕಾರಖಾನೆಯಲ್ಲಿ ಇರಲಿಲ್ಲ, ದನಕರು ಸಾಕುವವರ ಅನುಭವದಲ್ಲಿ ಇತ್ತು ಎಂಬುದು. ಆ ಕತೆಯನ್ನು ಇಲ್ಲಿ ಹೇಳಿಬಿಡುತ್ತೇನೆ.

ಜಾರ್ಜ್ ಥಾಮಸ್ ಬೀಟ್ಸನ್ ಎಂಬಾತ 1848ರಲ್ಲಿ ಸಿಂಹಳದ ಟ್ರಿಂಕಾಮಲಿಯಲ್ಲಿ ಹುಟ್ಟಿದ. ತಂದೆ ಸೈನ್ಯದ ವೈದ್ಯ. ಮಗನೂ ವೈದ್ಯಕೀಯ ಓದಿ ಎಡಿನ್‌ಬರೋದಲ್ಲಿ ಹೆಸರಾಂತ ಲಿಸ್ಟರನ ಕೈಕೆಳಗೆ ಕೆಲಸ ಕಲಿತ. 1876ರಲ್ಲಿ ಸ್ಕಾಟ್ಲೆಂಡಿನ ಪಶ್ಚಿಮ ಭಾಗದಲ್ಲಿ ಬುದ್ಧಿ ಸ್ಥಿಮಿತವಿಲ್ಲದ ಒಬ್ಬ ಜಮೀನುದಾರನನ್ನು ನೋಡಿಕೊಳ್ಳುವ ಕೆಲಸ ಆತನಿಗೆ ಸಿಕ್ಕಿತು. ಕೆಲಸ ಹಗುರ, ಹೊತ್ತು ಹೋಗುತ್ತಿರಲಿಲ್ಲ. ಪಕ್ಕದಲ್ಲಿ ದೊಡ್ಡದೊಂದು ಕುರಿಸಾಕಣೆ ಇತ್ತು. ಮರಿಗಳನ್ನು ತಾಯಿಯಿಂದ ಹಾಲು ಬಿಡಿಸುವ ಕಾಲ. ಎಂ.ಡಿ. ಪದವಿಗೆ ಏನಾದರೂ ಬರೆಯಬೇಕಾಗಿದ್ದ ಬೀಟ್ಸನ್ ಹಾಲು ಹುಟ್ಟುವ ಬಗೆಯನ್ನೇ ವಿಷಯವಾಗಿ ಹಿಡಿದ. ಕೆಚ್ಚಲಿನಲ್ಲಿ ಹಾಲು ಹುಟ್ಟುವಾಗ ಅಲ್ಲಿಯ ಜೀವಕೋಶಗಳು ಭರದಿಂದ ಹೆಚ್ಚುತ್ತವೆ. ಕ್ಯಾನ್ಸರಿನಲ್ಲೂ ಹಾಗೆಯೇ ಹೆಚ್ಚುತ್ತವೆ. ವ್ಯತ್ಯಾಸ ಎಂದರೆ ಮೊದಲನೆಯದರಲ್ಲಿ ಅವು ಕರಗಿ ಹಾಲಾಗಿ ಹೊರಬೀಳುತ್ತವೆ, ಎರಡನೆಯದರಲ್ಲಿ ಒಳಗೇ ಉಳಿದು ಹಬ್ಬುತ್ತವೆ ಎಂದು ಆತ ಬಗೆದ. ಇಂದು ನೋಡಿದರೆ ಈ ವಿಚಾರ ಪೂರ್ತಿ ಸರಿಯಲ್ಲ. ಆದರೆ ಅದು ಆತನನ್ನು ಸರಿಯಾದ ಬಾಗಿಲಿಗೆ ತಂದು ನಿಲ್ಲಿಸಿತು.

ಹುಡುಕುತ್ತ ಹೋದಂತೆ ಆಸ್ಟ್ರೇಲಿಯಾದ ದನಗಾರರ ಒಂದು ಪದ್ಧತಿ ಆತನ ಕಿವಿಗೆ ಬಿತ್ತು. ಆಕಳು ಈದ ಮೇಲೆ ಅದರ ಅಂಡಾಶಯಗಳನ್ನು ತೆಗೆದುಹಾಕಿದರೆ ಹಾಲು ಬತ್ತದೆ ಬಹಳ ಕಾಲ ನಡೆಯುತ್ತದೆ ಎಂದು ಅವರು ಕಂಡುಕೊಂಡಿದ್ದರು. ಅಂದರೆ ಹೊಟ್ಟೆಯೊಳಗಿನ ಒಂದು ಅಂಗ ದೂರದ ಕೆಚ್ಚಲಿನ ಮೇಲೆ ಅಧಿಕಾರ ನಡೆಸುತ್ತದೆ. ಆಗಿನ ವೈದ್ಯರು ದೇಹದ ಒಂದು ಅಂಗ ಇನ್ನೊಂದನ್ನು ಆಳುವುದಿದ್ದರೆ ಅದು ನರಗಳ ಮೂಲಕವೇ ಎಂದು ನಂಬಿದ್ದರು. ರಕ್ತದಲ್ಲಿ ಹರಿದು ಹೋಗಿ ಆಜ್ಞೆ ಮುಟ್ಟಿಸುವ ವಸ್ತುಗಳಿವೆ ಎಂಬ ಕಲ್ಪನೆ ಇನ್ನೂ ಗಟ್ಟಿಯಾಗಿರಲಿಲ್ಲ. ಅವುಗಳಿಗೆ ಹಾರ್ಮೋನು ಎಂಬ ಹೆಸರು ಬಂದದ್ದೇ 1905ರಲ್ಲಿ, ಲಂಡನ್ನಿನ ಸ್ಟಾರ್ಲಿಂಗ್ ಎಂಬ ವಿಜ್ಞಾನಿಯಿಂದ.

ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಹೊಟ್ಟೆಯಿಂದ ಕೆಚ್ಚಲಿಗೆ ಸುದ್ದಿ ಹೋಗುತ್ತದೆ ಎಂದು ಚಿಗವ್ವ ಕೊಟ್ಟಿಗೆಯಲ್ಲಿ ನಿಂತು ಹೇಳಿದ್ದು ಇದನ್ನೇ ಅಲ್ಲವೇ?

ಬೀಟ್ಸನ್ ತನ್ನ ವಿಚಾರವನ್ನು ಹತ್ತೊಂಬತ್ತು ವರ್ಷ ಇಟ್ಟುಕೊಂಡು ಕಾದ. 1895ರ ಮೇ ತಿಂಗಳಲ್ಲಿ ಗ್ಲಾಸ್ಗೋದಲ್ಲಿ ಆತನ ಬಳಿಗೆ 33 ವರ್ಷದ ಒಬ್ಬ ಹೆಣ್ಣುಮಗಳು ಬಂದಳು. ಮೊದಲೇ ಎದೆಯ ಶಸ್ತ್ರಕ್ರಿಯೆಯಾಗಿತ್ತು, ಕ್ಯಾನ್ಸರು ಅದೇ ಜಾಗದಲ್ಲಿ ಮರಳಿ ಹಬ್ಬಿತ್ತು. ಮತ್ತೆ ಕೊಯ್ಯುವಂತಿರಲಿಲ್ಲ. ಬೀಟ್ಸನ್ ಇದ್ದ ಸ್ಥಿತಿಯನ್ನು ಆಕೆಗೂ ಆಕೆಯ ಗಂಡನಿಗೂ ಮುಚ್ಚುಮರೆಯಿಲ್ಲದೆ ಹೇಳಿದ. ಅಂಡಾಶಯ ತೆಗೆದರೆ ಪ್ರಯೋಜನವಾದೀತು ಎಂಬ ತನ್ನ ಆಸೆಯನ್ನೂ ಹೇಳಿದ. ಅವರು ಒಪ್ಪಿದರು. ಜೂನ್ 15ರಂದು ಶಸ್ತ್ರಕ್ರಿಯೆ ನಡೆಯಿತು. ಎಂಟು ತಿಂಗಳಲ್ಲಿ ಎದೆಯ ಮೇಲಿನ ಗಂಟುಗಳು ಕರಗಿ ಹೋದವು. 1896ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಆತ ಇದನ್ನು ಪ್ರಕಟಿಸಿದ. ಆ ಹೆಣ್ಣುಮಗಳು ಶಸ್ತ್ರಕ್ರಿಯೆಯ ನಂತರ ಸುಮಾರು ನಾಲ್ಕು ವರ್ಷ ಬದುಕಿದಳು. ಸ್ತನ ಕ್ಯಾನ್ಸರಿನ ಹಾರ್ಮೋನು ಚಿಕಿತ್ಸೆಯ ಇತಿಹಾಸ ಆಕೆಯಿಂದ ಮೊದಲಾಗುತ್ತದೆ. ಇಂದು ಗ್ಲಾಸ್ಗೋದ ಕ್ಯಾನ್ಸರ್ ಆಸ್ಪತ್ರೆಗೆ ಬೀಟ್ಸನ್ನನ ಹೆಸರಿದೆ.

ಆದರೆ ಎಲ್ಲರಿಗೂ ಹೀಗಾಗಲಿಲ್ಲ. ಇತರ ವೈದ್ಯರು ಇದೇ ಶಸ್ತ್ರಕ್ರಿಯೆ ಮಾಡಿ ನೋಡಿದರು. 1900ರ ಹೊತ್ತಿಗೆ ಸ್ಟ್ಯಾನ್ಲಿ ಬಾಯ್ಡ್ ಎಂಬ ಇಂಗ್ಲಿಷ್ ವೈದ್ಯ ಬ್ರಿಟನ್ನಿನ ಪ್ರಕರಣಗಳನ್ನೆಲ್ಲ ಕೂಡಿಸಿ ನೋಡಿದಾಗ ಮೂವರಲ್ಲಿ ಒಬ್ಬರಿಗೆ ಮಾತ್ರ ಗುಣ ಕಂಡಿತ್ತು. ಆ ಒಬ್ಬರು ಯಾರು ಎಂದು ಮೊದಲೇ ತಿಳಿಯುವ ಉಪಾಯವಿರಲಿಲ್ಲ. ಮೂವರನ್ನೂ ಕೊಯ್ಯಬೇಕು, ಇಬ್ಬರು ಸುಮ್ಮನೆ ನೋವು ತಿನ್ನಬೇಕು. ಮುಂದೆ ಅರ್ಧ ಶತಮಾನ ಇದೇ ನಡೆಯಿತು. 1950ರ ದಶಕದಲ್ಲಿ ಕಾರ್ಟಿಸೋನ್ ಔಷಧ ಕೈಗೆ ಬಂದ ಮೇಲೆ ಷಿಕಾಗೋದ ಚಾರ್ಲ್ಸ್ ಹಗಿನ್ಸ್ ಮೂತ್ರಪಿಂಡದ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳೆರಡನ್ನೂ ತೆಗೆಯುವ ಧೈರ್ಯ ಮಾಡಿದ. ಇನ್ನು ಕೆಲವರು ತಲೆಬುರುಡೆಯೊಳಗಿನ ಪಿಟ್ಯುಟರಿ ಗ್ರಂಥಿಯವರೆಗೂ ಹೋದರು. ಹಾರ್ಮೋನಿಗೂ ಕ್ಯಾನ್ಸರಿಗೂ ಇರುವ ನಂಟನ್ನು, ಮುಖ್ಯವಾಗಿ ಗಂಡಸರ ಪ್ರೊಸ್ಟೇಟ್ ಕ್ಯಾನ್ಸರಿನಲ್ಲಿ, ತೋರಿಸಿಕೊಟ್ಟದ್ದಕ್ಕೆ ಹಗಿನ್ಸ್‌ಗೆ 1966ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆದರೂ ಮೂವರಲ್ಲಿ ಒಬ್ಬರು ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿದಿತ್ತು.

ಅದಕ್ಕೆ ಉತ್ತರ ಕೊಟ್ಟಾತ ಅದೇ ಷಿಕಾಗೋ ವಿಶ್ವವಿದ್ಯಾಲಯದ ಎಲ್ವುಡ್ ಜೆನ್ಸನ್. ಆತ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿಗೆ ವಿಕಿರಣದ ಗುರುತು ಹಚ್ಚಿ ಇಲಿಗಳಿಗೆ ಕೊಟ್ಟು, ಅದು ಎಲ್ಲೆಲ್ಲಿ ಹೋಗುತ್ತದೆ ಎಂದು ಹಿಂಬಾಲಿಸಿದ. ರಕ್ತದ ಜೊತೆಗೆ ಅದು ಎಲ್ಲ ಕಡೆ ಹೋಗುತ್ತದೆ. ಆದರೆ ಮಾಂಸಖಂಡಗಳಲ್ಲಿ ನಿಲ್ಲದೆ ಹಾದುಹೋಗುತ್ತದೆ, ಗರ್ಭಕೋಶದಂಥ ಕಡೆ ಮಾತ್ರ ನಿಂತುಕೊಳ್ಳುತ್ತದೆ. ಅಲ್ಲಿಯ ಜೀವಕೋಶಗಳಲ್ಲಿ ಅದನ್ನು ಹಿಡಿದುಕೊಳ್ಳುವ ಒಂದು ವಸ್ತುವಿದೆ. ಅದಕ್ಕೆ ಗ್ರಾಹಕ ಎನ್ನುತ್ತಾರೆ. 1958ರಲ್ಲಿ ವಿಯೆನ್ನಾದ ಒಂದು ಸಮ್ಮೇಳನದಲ್ಲಿ ಜೆನ್ಸನ್ ಇದನ್ನು ಹೇಳಿದಾಗ ಕೇಳಲು ಬಂದವರು ಐವರಂತೆ, ಅವರಲ್ಲಿ ಮೂವರು ತಾವೂ ಅಲ್ಲಿಯೇ ಮಾತನಾಡಬೇಕಾಗಿದ್ದವರು. ಮುಂದೆ ಸ್ತನದ ಗಂಟುಗಳಲ್ಲಿಯೂ ಈ ಗ್ರಾಹಕವನ್ನು ಅಳೆಯುವ ಪರೀಕ್ಷೆ ಬಂತು. ಗ್ರಾಹಕ ಇರುವ ಗಂಟು ಹಾರ್ಮೋನು ಚಿಕಿತ್ಸೆಗೆ ಬಗ್ಗುತ್ತದೆ, ಇಲ್ಲದ್ದು ಬಗ್ಗುವುದಿಲ್ಲ. ಚಿಗವ್ವನ ಮಾತಿನಲ್ಲಿ ಹೇಳುವುದಾದರೆ, ಸುದ್ದಿ ಎಲ್ಲ ಮನೆಗೂ ಹೋಗುತ್ತದೆ, ಆದರೆ ಕಿವಿ ಇದ್ದವರಿಗೆ ಮಾತ್ರ ಕೇಳುತ್ತದೆ.

ಇನ್ನು ಆ ಬಿಳಿ ಗುಳಿಗೆ. ಅದು ಹುಟ್ಟಿದ್ದು ಬೇರೆಯೇ ಕೆಲಸಕ್ಕೆ. ಇಂಗ್ಲೆಂಡಿನ ಚೆಷೈರಿನಲ್ಲಿ ಐ.ಸಿ.ಐ. ಎಂಬ ಕಂಪನಿಯ ಪ್ರಯೋಗಶಾಲೆಯಲ್ಲಿ ಆರ್ಥರ್ ವಾಲ್ಪೋಲ್ ಎಂಬಾತನ ತಂಡ ಗರ್ಭ ನಿಲ್ಲದಂತೆ ಮಾಡುವ ಗುಳಿಗೆಯನ್ನು ಹುಡುಕುತ್ತಿತ್ತು. 1962ರಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನ ವಿಜ್ಞಾನಿ ಅದಕ್ಕಾಗಿ ಒಂದು ವಸ್ತುವನ್ನು ತಯಾರಿಸಿದಳು. ಇಲಿಗಳಲ್ಲಿ ಅದು ಗರ್ಭವನ್ನು ತಡೆಯಿತು. ಹೆಂಗಸರಲ್ಲಿ ಮಾತ್ರ ಉಲ್ಟಾ ಆಯಿತು, ಅಂಡ ಬಿಡುಗಡೆಯಾಗಲು ಅದು ಸಹಾಯವನ್ನೇ ಮಾಡಿತು! ಹುಟ್ಟಿದ ಕೆಲಸಕ್ಕೆ ಬಾರದ ಈ ಔಷಧವನ್ನು ವಾಲ್ಪೋಲ್ ಕ್ಯಾನ್ಸರಿನಲ್ಲಿ ನೋಡಬೇಕೆಂದ. ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯಲ್ಲಿ ಮೇರಿ ಕೋಲ್ ಎಂಬ ವೈದ್ಯೆ ಮತ್ತು ಆಕೆಯ ಸಂಗಡಿಗರು ಕಾಯಿಲೆ ಬಹಳ ಮುಂದುವರಿದಿದ್ದ 46 ಜನ ಹೆಂಗಸರಿಗೆ ಕೊಟ್ಟು 1971ರಲ್ಲಿ ವರದಿ ಮಾಡಿದರು. ಹತ್ತು ಜನರಿಗೆ ಗುಣ ಕಂಡಿತ್ತು. ಕಡಿಮೆಯೆಂದು ಅನಿಸಬಹುದು, ಆದರೆ ಕತ್ತಿಯಿಲ್ಲದೆ, ಅಂಗ ಕಳೆಯದೆ, ಕೂದಲುದುರಿಸದೆ ಬಂದ ಗುಣ ಅದು. 1973ರಲ್ಲಿ ಬ್ರಿಟನ್ನಿನಲ್ಲಿ, 1977ರಲ್ಲಿ ಅಮೆರಿಕದಲ್ಲಿ ಅದು ಪೇಟೆಗೆ ಬಂತು. ಈ ಗುಳಿಗೆ ಗ್ರಾಹಕದ ಜಾಗದಲ್ಲಿ ತಾನು ಹೋಗಿ ಕುಳಿತು ಹಾರ್ಮೋನಿಗೆ ಎಡೆಕೊಡುವುದಿಲ್ಲ ಎಂಬುದನ್ನು, ಕಾಯಿಲೆ ಮರಳದಂತೆ ತಡೆಯಬೇಕಾದರೆ ಅದನ್ನು ವರ್ಷಗಟ್ಟಲೆ ಕೊಡಬೇಕು ಎಂಬುದನ್ನು ಇಲಿಗಳ ಮೇಲೆ ತೋರಿಸುತ್ತ ಹೋದವರಲ್ಲಿ ಕ್ರೇಗ್ ಜೋರ್ಡನ್ ಮುಖ್ಯನಾದವನು. ಆತ 2024ರಲ್ಲಿ ತೀರಿಕೊಂಡ.

ವರ್ಷಗಟ್ಟಲೆ ಎಂಬ ಮಾತು ಬಂತು. ನಾನು ಚಿಗವ್ವನ ಸುದ್ದಿಗೆ ಮರಳಬೇಕು.

1997ರ ಕಾರಹುಣ್ಣಿಮೆಗೆ ನಾನು ಚಿಕ್ಕಪಡಸಲಗಿಗೆ ಹೋಗಿದ್ದೆ. ಎತ್ತುಗಳ ಮೈ ತೊಳೆದು ಬಣ್ಣ ಹಚ್ಚುವ ಗದ್ದಲದಲ್ಲಿ ನನ್ನ ಕೈಗೆ ಸಣ್ಣ ಗಾಯವಾಯಿತು. ಅರಿಷಿಣ ಹುಡುಕಲು ಒಳಗೆ ಹೋಗಿ ದೇವರ ಮಾಡದಲ್ಲಿದ್ದ ಒಂದು ತಗಡಿನ ಡಬ್ಬಿ ತೆರೆದೆ. ಅದರಲ್ಲಿ ಗುಳಿಗೆಯ ಪಟ್ಟಿಗಳು. ಮೂರು ಮೂರರಂತೆ ನೂಲು ಸುತ್ತಿ ಜೋಡಿಸಿಟ್ಟಿದ್ದಳು. ಎಣಿಸಿದೆ, ಇಪ್ಪತ್ತೊಂದು. ಏಳು ತಿಂಗಳ ಗುಳಿಗೆ. ಒಂದನ್ನೂ ಒಡೆದಿರಲಿಲ್ಲ.

ನಾನು ಸಿಟ್ಟಾದೆ, ಕೂಗಾಡಿದೆ. ಆಕೆ ಒಲೆಯ ಮುಂದೆ ಕುಳಿತು ಹೋಳಿಗೆ ಬೇಯಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: “ಗಾಯ ಮಾಯ್ದೈತಿ, ಗಂಟಿಲ್ಲ, ನೋವಿಲ್ಲ. ಇನ್ನ ಯಾತರ ಗುಳಿಗಿ? ಅದನ್ನ ನುಂಗಿದ್ರ ರಾತ್ರಿ ಮೈಯಾಗ ಒಲಿ ಹಚ್ಚಿದಂಗ ಆಕ್ಕೈತಿ. ಬೆವತು ಬೆವತು ಹಾಸಿಗಿ ತೊಯ್ತೈತಿ. ಭಾಳ ಕಾವಿನ ಗುಳಿಗಿ ಅದು ಅಂತ ಎಲ್ಲಾರೂ ಅಂತಾರ.” ಸ್ವಲ್ಪ ತಡೆದು ಮತ್ತೆ ಅಂದಳು: “ನಿನಗೂ ಸಂಸಾರ ಐತಿ. ತಿಂಗಳಾ ತಿಂಗಳಾ ನಿನ್ನ ರೊಕ್ಕ ತಿಂದು ನಾ ಏನ್ ಮಾಡ್ಲಿ?”

ಹಾಗಾದರೆ ತರಬೇಡ ಎಂದು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನೀನು ಬೇಜಾರಾಗುತ್ತಿದ್ದಿ ಎಂದಳು. ಎಸೆಯಲು ಮನಸ್ಸು ಬರಲಿಲ್ಲ, ರೊಕ್ಕದ ವಸ್ತು, ಅದಕ್ಕೆ ದೇವರ ಹತ್ತಿರ ಇಟ್ಟೆ ಎಂದಳು.

ಮರುವಾರ ನಾನೊಬ್ಬನೇ ಆಸ್ಪತ್ರೆಗೆ ಹೋದೆ. ಈ ಸಲ ಸಿಕ್ಕವರು ವಯಸ್ಸಿನಲ್ಲಿ ಸಣ್ಣವರಾದ ಒಬ್ಬ ಡಾಕ್ಟರು. ಬೈಯಲಿಲ್ಲ. ಕಾಗದದ ಮೇಲೆ ಚಿತ್ರ ಬರೆದು, ಹೆಣ್ಣಿನ ದೇಹದ ಹಾರ್ಮೋನು ಈ ಬಗೆಯ ಕ್ಯಾನ್ಸರಿಗೆ ಹೇಗೆ ಗೊಬ್ಬರವಾಗುತ್ತದೆ, ಕಣ್ಣಿಗೆ ಕಾಣದ ನಾಲ್ಕು ಬೀಜ ಮೈಯಲ್ಲಿ ಉಳಿದಿದ್ದರೆ ಗುಳಿಗೆ ಅವು ಮೊಳೆಯದಂತೆ ಹೇಗೆ ತಡೆಯುತ್ತದೆ ಎಂದು ಹೇಳಿದರು. ಮೈ ಬಿಸಿಯಾಗುವುದು ಅಪಾಯವಲ್ಲ, ಈಸ್ಟ್ರೋಜನ್ನಿನ ಕೆಲಸಕ್ಕೆ ತಡೆ ಬಿದ್ದುದರ ಪರಿಣಾಮ ಅದು ಎಂದರು. ಅದರ ಜೊತೆಗೆ ಎಚ್ಚರಿಕೆಯನ್ನೂ ಹೇಳಿದರು. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಒಂದು ಕಾಲು ಬಾತುಕೊಂಡು ನೋವಾದರೆ ತಡಮಾಡದೆ ಬರಬೇಕು. ಯಾಕೆಂದರೆ ಈ ಗುಳಿಗೆಯಿಂದ ಅಪರೂಪಕ್ಕೆ ಗರ್ಭಕೋಶದ ಕ್ಯಾನ್ಸರು, ರಕ್ತ ಹೆಪ್ಪುಗಟ್ಟುವುದು ಉಂಟು.

ಬಸ್ಸಿನಲ್ಲಿ ಬರುತ್ತ ಇದನ್ನು ಚಿಗವ್ವನಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದಾಗ ಬಾಲ್ಯದಲ್ಲಿ ಕೇಳಿದ ಆ ಮಾತು ನೆನಪಾಯಿತು. ಹೋಗಿ ಕೊಟ್ಟಿಗೆಯಲ್ಲಿಯೇ ಆಕೆಯ ಎದುರು ಕುಳಿತು ಹೇಳಿದೆ: “ಚಿಗವ್ವಾ, ಹೊಟ್ಟ್ಯಾಗಿಂದ ಕೆಚ್ಚಲಕ್ಕ ಸುದ್ದಿ ಹೋಗತೈತಿ ಅಂತ ನೀನೇ ಹೇಳಿದ್ದಿ. ನಿನ್ನ ಮೈಯಾಗೂ ಹೋಗತೈತಿ. ಆ ಬ್ಯಾನಿ ಆ ಸುದ್ದಿ ಕೇಳೇ ಬೆಳೀತೈತಿ. ಈ ಗುಳಿಗಿ ಅದರ ಕಿವ್ಯಾಗ ಅರಳಿ ಇಟ್ಟಂಗ. ಒಂದಿನ ತಗದ್ರ ಒಂದಿನ ಕೇಳತೈತಿ.”

ಆಕೆ ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: “ಇದನ್ನ ಮದಲ ಹೇಳಿದ್ರ ನಾ ಬಿಡತಿರಲಿಲ್ಲಲ್ಲೋ.”

ಅಂದು ರಾತ್ರಿಯೇ ಡಬ್ಬಿಯಿಂದ ಒಂದು ಪಟ್ಟಿ ಹೊರಗೆ ಬಂತು. ಐದು ವರ್ಷ ಮುಗಿಯುವವರೆಗೆ ಆಕೆ ಮತ್ತೆ ಒಂದು ದಿನವೂ ತಪ್ಪಿಸಲಿಲ್ಲ. ಹಿಂಡಿ ಬಂದು ಚರಿಗೆ ಇಳಿಸಿದ ಕೂಡಲೇ ಗುಳಿಗೆ. ಅದೊಂದು ನೇಮವಾಯಿತು.

ಈ ತಪ್ಪು ಚಿಗವ್ವನೊಬ್ಬಳದೇ ಅಲ್ಲ ಎಂದು ಈಗ ನನಗೆ ಗೊತ್ತು. ಓದು ಬಲ್ಲ ದೇಶಗಳಲ್ಲಿಯೂ ಬಹಳ ಜನ ಹೆಂಗಸರು ಈ ಗುಳಿಗೆಯನ್ನು ನಡುವೆಯೇ ಬಿಟ್ಟುಬಿಡುತ್ತಾರೆ. ಬೀಟ್ಸನ್ನನ ಸ್ಕಾಟ್ಲೆಂಡಿನಲ್ಲಿಯೇ, ಟೇಸೈಡ್ ಎಂಬ ಪ್ರಾಂತ್ಯದಲ್ಲಿ, ಔಷಧದ ಚೀಟಿಗಳ ಲೆಕ್ಕ ಹಿಡಿದು ಸಾವಿರಾರು ಹೆಂಗಸರ ವಿಷಯ ಪರಿಶೀಲಿಸಿ 2008ರಲ್ಲಿ ವರದಿ ಮಾಡಿದರು. ಗುಳಿಗೆಯನ್ನು ಸರಿಯಾಗಿ ತೆಗೆದುಕೊಳ್ಳದವರಲ್ಲಿ ಸಾವಿನ ಪ್ರಮಾಣ ಹೆಚ್ಚಾಗಿತ್ತು. ಇನ್ನು ಗುಳಿಗೆಯಿಂದ ಆಗುವ ಲಾಭ ಎಷ್ಟು ಎಂಬುದು 1998ರಲ್ಲಿಯೇ ಸ್ಪಷ್ಟವಾಗಿತ್ತು. ಆಕ್ಸ್‌ಫರ್ಡಿನ ವಿದ್ವಾಂಸರು 55 ಪ್ರಯೋಗಗಳ, ಸುಮಾರು 37,000 ಹೆಂಗಸರ ಲೆಕ್ಕವನ್ನು ಒಂದುಗೂಡಿಸಿದರು. ಐದು ವರ್ಷ ನುಂಗಿದವರಲ್ಲಿ ಕಾಯಿಲೆ ಮರುಕಳಿಸುವುದು ಹತ್ತಿರ ಹತ್ತಿರ ಅರ್ಧದಷ್ಟು, ಸಾವು ಸುಮಾರು ಕಾಲು ಭಾಗದಷ್ಟು ಕಡಿಮೆಯಾಗಿತ್ತು. ಗುಳಿಗೆ ನಿಲ್ಲಿಸಿದ ಮೇಲೂ ಆ ರಕ್ಷಣೆ ವರ್ಷಗಳವರೆಗೆ ಉಳಿಯುತ್ತದೆ. 2013ರಲ್ಲಿ ಇನ್ನೊಂದು ದೊಡ್ಡ ಪ್ರಯೋಗದಿಂದ ಐದರ ಬದಲು ಹತ್ತು ವರ್ಷ ಕೊಟ್ಟರೆ ಇನ್ನೂ ಒಳ್ಳೆಯದು ಎಂದೂ ಗೊತ್ತಾಯಿತು. ಇಷ್ಟೆಲ್ಲ ಮಾಡುವ ಗುಳಿಗೆ ಪೇಟೆಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ಅಗ್ಗದ ವಸ್ತುವಿಗೆ ನಮ್ಮಲ್ಲಿ ಬೆಲೆ ಕಡಿಮೆ ಎಂಬುದೂ ಒಂದು ತೊಡಕೇ.

ನಮ್ಮ ದೇಶದ್ದೇ ಆದ ಇನ್ನೊಂದು ತೊಡಕಿದೆ. ಗಂಟಿಗೆ ಕಿವಿ ಇದೆಯೇ ಇಲ್ಲವೇ ಎಂದು ನೋಡಬೇಕಾದರೆ ತೆಗೆದ ತುಣುಕನ್ನು ಬೇಗನೆ ಫಾರ್ಮಲಿನ್ ದ್ರಾವಣದಲ್ಲಿ ಸರಿಯಾಗಿ ಇಡಬೇಕು. ತಡವಾದರೆ ಗ್ರಾಹಕಗಳು ಕೆಟ್ಟು ಹೋಗುತ್ತವೆ, ಇದ್ದರೂ ಇಲ್ಲವೆಂದು ವರದಿ ಬರುತ್ತದೆ. ಆಗ ಗುಳಿಗೆ ಕೊಡಬೇಕಾದವರಿಗೆ ಕೊಡದೇ ಹೋಗಬಹುದು. 2000ದಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ತಜ್ಞರು 798 ಗಂಟುಗಳನ್ನು ನೋಡಿ ಮೂರನೆಯ ಒಂದು ಭಾಗದಲ್ಲಿ ಮಾತ್ರ ಈಸ್ಟ್ರೋಜನ್ ಗ್ರಾಹಕವಿದೆ ಎಂದು ಬರೆದಿದ್ದರು. ಪಶ್ಚಿಮದ ದೇಶಗಳಿಗಿಂತ ಇದು ಬಹಳ ಕಡಿಮೆ. ನಂತರದ ವರ್ಷಗಳಲ್ಲಿ ಅದೇ ಆಸ್ಪತ್ರೆಯಿಂದ ಬಂದ ವರದಿಯಲ್ಲಿ ಹಾರ್ಮೋನಿಗೆ ಬಗ್ಗುವ ಗಂಟುಗಳ ಪ್ರಮಾಣ ಅರ್ಧವನ್ನು ದಾಟಿತು. ಹೆಂಗಸರು ಬದಲಾಗಿರಲಿಲ್ಲ, ತುಣುಕನ್ನು ಇಡುವ, ಪರೀಕ್ಷಿಸುವ ಕ್ರಮ ಸುಧಾರಿಸಿತ್ತು. ಚಿಗವ್ವನ ತುಣುಕನ್ನು ಸಣ್ಣ ಬಾಟಲಿಯಲ್ಲಿ ಹಾಕಿ ನನ್ನ ಕೈಗೇ ಕೊಟ್ಟಿದ್ದರು. ನಾನು ಅದನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತು ಪರೀಕ್ಷೆಯವರಿಗೆ ಮುಟ್ಟಿಸಿದ್ದೆ. ಕ್ಯಾನ್ಸರು ಹೌದು ಎಂದಷ್ಟೇ ವರದಿ ಬಂದಿತ್ತು. ಗ್ರಾಹಕದ ಪರೀಕ್ಷೆ ಆಗಲೇ ಇಲ್ಲ. ಆದರೂ ಗುಳಿಗೆ ಕೊಟ್ಟರಲ್ಲ, ಅದು ಆಕೆಯ ಪುಣ್ಯ. ಈಗ ಮಾತ್ರ ಈ ಪರೀಕ್ಷೆ ಇಲ್ಲದೆ ಚಿಕಿತ್ಸೆ ಶುರು ಮಾಡುವಂತಿಲ್ಲ. ಓದುಗರಲ್ಲಿ ಯಾರ ಮನೆಯಲ್ಲಾದರೂ ಇಂಥ ಕಾಯಿಲೆ ಬಂದರೆ ಆ ವರದಿಯನ್ನು ಕೇಳಿ ಪಡೆದು ಜೋಪಾನವಾಗಿ ಇಟ್ಟುಕೊಳ್ಳಬೇಕು.

2002ರಲ್ಲಿ ಚಿಗವ್ವನಿಗೆ ಬೆನ್ನುನೋವು ಬಂತು. ಮೊದಲು ಹುಲ್ಲಿನ ಹೊರೆ ಎತ್ತಿದ್ದಕ್ಕೆ ಎಂದುಕೊಂಡೆವು. ಕ್ಯಾನ್ಸರು ಬೆನ್ನೆಲುಬಿಗೆ ಹೋಗಿತ್ತು. ನಾನು ಎದೆಗುಂದಿದೆ. ಆದರೆ ಅಷ್ಟರಲ್ಲಿ ಇನ್ನೊಂದು ಬಗೆಯ ಗುಳಿಗೆಗಳು ಬಂದಿದ್ದವು. ಮುಟ್ಟು ನಿಂತ ಮೇಲೆ ಅಂಡಾಶಯ ಸುಮ್ಮನಾದರೂ ಮೈಯ ಕೊಬ್ಬಿನಲ್ಲಿ, ಸ್ನಾಯುಗಳಲ್ಲಿ ಅರೊಮಟೇಸ್ ಎಂಬ ಒಂದು ಕಿಣ್ವ ಅಡ್ರಿನಲ್ ಗ್ರಂಥಿಯಿಂದ ಬರುವ ವಸ್ತುವನ್ನು ಈಸ್ಟ್ರೋಜನ್ನಾಗಿ ಮಾರ್ಪಡಿಸುತ್ತಲೇ ಇರುತ್ತದೆ. ಹೊಸ ಗುಳಿಗೆಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಹಗಿನ್ಸ್ ಹೊಟ್ಟೆ ಕೊಯ್ದು ಗ್ರಂಥಿ ಕಿತ್ತು ಮಾಡಲು ಹೊರಟ ಕೆಲಸವನ್ನು ಇವು ನೀರಿನ ಜೊತೆ ಒಳಗೆ ಹೋಗಿ ಮಾಡುತ್ತವೆ. ಚಿಗವ್ವನಿಗೆ ಲೆಟ್ರೊಜೋಲ್ ಎಂಬುದನ್ನು ಕೊಟ್ಟರು. ಈ ಸಲ ನಾನು ಬಾಯಿ ತೆರೆಯುವ ಮೊದಲೇ ಆಕೆಯೇ ಕೇಳಿದಳು: “ಇದೂ ಕಿವಿಗೆ ಅರಳಿ ಇಡೂದೇನು?” ಅಲ್ಲ, ಇದು ಸುದ್ದಿ ಹೊರಡುವ ಮನೆಗೇ ಬೀಗ ಹಾಕುವುದು ಎಂದೆ. ತಲೆಯಾಡಿಸಿದಳು. ನೋವು ಇಳಿಯಿತು. ಮತ್ತೆ ಕೊಟ್ಟಿಗೆಗೆ ಹೋಗುವಂತಾದಳು. ಹೊರೆ ಎತ್ತಲಾಗುತ್ತಿರಲಿಲ್ಲ, ಹಿಂಡುತ್ತಿದ್ದಳು. ಹಾಗೆ ಐದು ವರ್ಷ. ಮೊಮ್ಮಗಳು ಶಾಲೆಗೆ ಹೋಗುವುದನ್ನು ನೋಡಿದಳು. 2007ರಲ್ಲಿ, ಶ್ರಾವಣದಲ್ಲಿ, ತೀರಿಕೊಂಡಳು.

ಆ ಏಳು ತಿಂಗಳು ಬಿಟ್ಟದ್ದರಿಂದಲೇ ಕಾಯಿಲೆ ಮರಳಿತೇ ಎಂದು ಒಬ್ಬ ವೈದ್ಯರನ್ನು ಕೇಳಿದ್ದೇನೆ. ಹಾಗೆ ಹೇಳಲು ಬರುವುದಿಲ್ಲ ಎಂದರು. ಕಂಕುಳಿಗೆ ಹಬ್ಬಿದ್ದ ಕಾಯಿಲೆ, ಒಂದು ದಿನ ತಪ್ಪದೆ ನುಂಗಿದವರಲ್ಲೂ ಮರಳುವುದುಂಟು ಎಂದರು. ಅವರ ಮಾತು ಸರಿ. ಆದರೂ ಇಪ್ಪತ್ತೊಂದು ಎಂಬ ಲೆಕ್ಕ ನನ್ನ ತಲೆಯಿಂದ ಹೋಗಿಲ್ಲ.

ನಾನು ಮತ್ತೆ ಮತ್ತೆ ಯೋಚಿಸಿದ್ದು ಇಷ್ಟು. ಹೊಳೆಗೆ ಕಟ್ಟೆ ಕಟ್ಟಿದ ಊರು ಅದು. ಎಷ್ಟು ಕಷ್ಟದ ಕೆಲಸ, ಎಷ್ಟು ದಿನದ ದುಡಿಮೆ. ಯಾಕೆ ಮಾಡುತ್ತಿದ್ದೇವೆ ಎಂದು ಗೊತ್ತಿದ್ದುದರಿಂದ ಯಾರೂ ಅದನ್ನು ನಡುವೆ ಬಿಟ್ಟು ಹೋಗಲಿಲ್ಲ. ಅಂಥ ಊರಿನ ಹೆಂಗಸಿಗೆ ದಿನಕ್ಕೊಂದು ಗುಳಿಗೆ ನುಂಗುವುದು ಭಾರವೇ? ಯಾಕೆ ಎಂದು ಹೇಳಿದವರಿರಲಿಲ್ಲ. ಬೀಟ್ಸನ್ 1895ರಲ್ಲಿ ತನಗೇ ಪೂರ್ತಿ ತಿಳಿಯದಿದ್ದುದನ್ನೂ ಎದುರಿಗಿದ್ದ ಹೆಣ್ಣುಮಗಳಿಗೆ ಹೇಳಿ ಒಪ್ಪಿಸಿದ. ನೂರು ವರ್ಷಗಳ ನಂತರ ಎಲ್ಲ ತಿಳಿದಿದ್ದರೂ ನಾವು ಹೇಳಲಿಲ್ಲ. ನಾವು ಎನ್ನುವಾಗ ವೈದ್ಯರ ಜೊತೆಗೆ ಮಾಸ್ತರನಾದ ನನ್ನನ್ನೂ ಸೇರಿಸಿಕೊಳ್ಳುತ್ತೇನೆ. ದನಗಾರರಿಂದ ಕಲಿತ ಪಾಠವನ್ನು ದನಗಾರರಿಗೇ ತಿಳಿಯುವಂತೆ ಮರಳಿ ಹೇಳುವುದು ಕಷ್ಟವೇನಾಗಿರಲಿಲ್ಲ. ಅದಕ್ಕೆ ಬೇಕಾದ ಮಾತು ಕೊಟ್ಟಿಗೆಯಲ್ಲಿಯೇ ಇತ್ತು.

ಈಗ ನಾನು ನಿವೃತ್ತ. ಆ ಕಡೆಯ ಹಳ್ಳಿಗಳಿಂದ ಯಾರಾದರೂ ಇಂಥ ಕಾಯಿಲೆಗೆ ಆಸ್ಪತ್ರೆಗೆ ಹೊರಟರೆ ಜೊತೆಗೆ ಹೋಗುತ್ತೇನೆ. ಹೋದ ವರ್ಷ ಒಬ್ಬ ಸೊಸೆಮಗಳ ಜೊತೆ ಹೋಗಿದ್ದೆ. ಆಕೆಗೆ ಇದೇ ಬಿಳಿ ಗುಳಿಗೆ, ಹತ್ತು ವರ್ಷದ ಮಾತು. ಚೀಟಿ ಬರೆದು ಕೊಟ್ಟಾಗ ನಾನು ಡಾಕ್ಟರರಿಗೆ, ಯಾಕೆ ಎಂಬುದನ್ನು ದಯವಿಟ್ಟು ಈಕೆಗೇ ಹೇಳಿರಿ ಎಂದೆ. ಅವರು ಒಳ್ಳೆಯವರು, ಹೇಳಿದರು. ಹೊರಗೆ ಬಂದ ಮೇಲೆ ತಿಳಿಯಿತೇನವ್ವಾ ಎಂದು ಕೇಳಿದೆ. ಸ್ವಲ್ಪ ತಿಳಿಯಿತು, ಸ್ವಲ್ಪ ಇಲ್ಲ ಎಂದಳು. ಮನೆಯಲ್ಲಿ ಎಮ್ಮೆ ಇದೆಯೇ ಎಂದು ಕೇಳಿದೆ. ಎರಡಿವೆ ಎಂದಳು. ಬಸ್ಸು ಬರಲು ಹೊತ್ತಿತ್ತು. ಅಲ್ಲೇ ಕಟ್ಟೆಯ ಮೇಲೆ ಕುಳಿತು ಹೇಳತೊಡಗಿದೆ.